ಮಾಣಿ ಕೂತಲ್ಲಿ ಕೂರುವುದಿಲ್ಲವೇ? ಮೂರು ಕಾಲಂ ಎಳೆದು ನೋಡಿ

‘ಕೂತಲ್ಲಿ ಕೂರೂದಿಲ್ಲ, ಹೇಳಿದ್ದು ಕೇಳೂದಿಲ್ಲ, ವಾರಕ್ಕೊಂದು ಪೆನ್ಸಿಲ್ ಕಳೀತಾನೆ.’ ಶಾಲೆಯಿಂದ ಹೀಗೊಂದು ದೂರು ಬಂದರೆ ಮನೆಯಲ್ಲಿ ಕಾರಣ ಹುಡುಕುವ ಕೆಲಸ ಶುರು. ಅಜ್ಜಿಯ ಪ್ರಕಾರ ದೃಷ್ಟಿ ತಾಗಿದೆ. ಅಪ್ಪನ ಪ್ರಕಾರ ಮೊಬೈಲ್. ಅತ್ತೆಯ ಪ್ರಕಾರ ತಾಯಿಯ ಮುದ್ದು. ಡಾಕ್ಟರ್ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ) ಎಂದ ಮೇಲೂ ಈ ಚರ್ಚೆ ನಿಲ್ಲುವುದಿಲ್ಲ. ‘ಹಾಗಾದ್ರೆ ಮಾತ್ರೆ ಕೊಟ್ರೆ ಆಯ್ತಲ್ಲ’ ಎನ್ನುವ ಇನ್ನೊಂದು ಪಕ್ಷ ಸೇರಿಕೊಳ್ಳುತ್ತದೆ, ಅಷ್ಟೆ.

ಒಂದೇ ಕಾರಣಕ್ಕೆ ಜೋತುಬೀಳುವುದೇ ಎಡವಟ್ಟು. ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಾಯಿಲೆ ಅಂದರೆ ದೇಹವನ್ನಷ್ಟೇ ನೋಡಿದರೆ ಸಾಲದು, ಮನಸ್ಸು ಮತ್ತು ಸುತ್ತಲಿನ ಬದುಕನ್ನೂ ಜತೆಗೇ ನೋಡಬೇಕು ಎಂದರು. ಬಯೋಸೈಕೋಸೋಷಿಯಲ್ ಮಾದರಿ ಎನ್ನುವುದು ಇದಕ್ಕೇ. ಹೆಸರು ದೊಡ್ಡದಾದರೂ ಮನೆಯಲ್ಲಿ ಬಳಸಲು ಒಂದು ನೋಟ್‌ಬುಕ್ ಸಾಕು.

ಮೊದಲು ಎರಡು ವಾರ ಸುಮ್ನೆ ಬರೆಯಿರಿ

ತಿದ್ದಲು ಹೋಗಬೇಡಿ, ಕಂಡದ್ದನ್ನು ಬರೆಯಿರಿ. ಹೀಗೆ: ‘ಸಂಜೆ ಆರೂವರೆ. ಕನ್ನಡ ಕಾಪಿ. ಎರಡು ಸಾಲು ಬರೆದ. ರಬ್ಬರ್ ಹುಡುಕಲು ಎದ್ದ. ಬೈಕ್ ಸದ್ದಿಗೆ ಅಂಗಳಕ್ಕೆ ಓಡಿದ. ಒಳಗೆ ಟಿವಿ ನಡೀತಿತ್ತು. ಶಾಲೆಯಿಂದ ಬಂದು ತಿಂದದ್ದು ಬರೀ ಬಿಸ್ಕಿಟ್. ನಾನು ಕೂಗಿದೆ, ಪುಸ್ತಕ ಎಸೆದ.’ ಸೋಮಾರಿ, ಹಟಮಾರಿ ಎಂಬ ಮಾತು ನೋಟ್‌ಬುಕ್ಕಿನಲ್ಲಿ ಬೇಡ.

ಚೆನ್ನಾಗಿ ಕೂತ ಹೊತ್ತನ್ನೂ ಬರೆಯಿರಿ. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಅಡಿಕೆ ಸುಲಿಯುವವರ ಮಧ್ಯೆ ಅರ್ಧ ತಾಸು ಕೂತನೇ? ಯಕ್ಷಗಾನದ ಪದ ಪೂರ್ತಿ ಬಾಯಿಪಾಠವೇ? ‘ಅದಕ್ಕೆಲ್ಲ ಕೂರ್ತಾನೆ, ಓದೋಕೆ ಮಾತ್ರ ನಾಟಕ’ ಎನ್ನಬೇಡಿ. ಇಷ್ಟದ ಕೆಲಸದಲ್ಲಿ ಮುಳುಗುವುದು ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸಾಮಾನ್ಯ.

ಆಮೇಲೆ ಹೊಸ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ದೇಹ, ಮನಸ್ಸು, ಸುತ್ತಮುತ್ತ.

ದೇಹ

ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾಲು ಶೇ 70ರಿಂದ 80ರಷ್ಟು ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಹಾಗಾಗಿ ತಾಯಿಯ ಮುದ್ದಿನ ಮಾತು ಇಲ್ಲಿಗೇ ಬಿಡಿ. ಅವಧಿಗೆ ಮುಂಚೆ ಅಥವಾ ತೀರಾ ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಅದನ್ನೂ ಬರೆದಿಡಿ.

ಎಡಿಎಚ್‌ಡಿಯಂತೆಯೇ ಕಾಣುವ ಬೇರೆ ತೊಂದರೆಗಳೂ ಇವೆ. ಬೋರ್ಡ್ ಕಾಣದ ಕಣ್ಣು, ಮಂದ ಕಿವಿ, ರಕ್ತಹೀನತೆ, ಥೈರಾಯ್ಡ್. ರಾತ್ರಿ ಗೊರಕೆ ಹೊಡೆಯುವ ಮಗುವಿಗೆ ನಿದ್ದೆ ಸಾಲದೆ ಹಗಲಿಡೀ ಚಡಪಡಿಕೆ ಇರಬಹುದು. ಇವನ್ನೆಲ್ಲ ಮೊದಲು ಮಕ್ಕಳ ಡಾಕ್ಟರ್ ಹತ್ತಿರ ತೋರಿಸಿಕೊಳ್ಳಿ. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ, ಶಾಲೆ ಹೀಗೆ ಒಂದಕ್ಕಿಂತ ಜಾಸ್ತಿ ಕಡೆ ಕಾಣಬೇಕು. ಗಲಾಟೆಯೇ ಮಾಡದೆ ಕಿಟಕಿ ನೋಡುತ್ತ ಕೂರುವ ಕೂಸಿಗೂ ಇದು ಇರಬಹುದು. ಹೆಣ್ಣುಮಕ್ಕಳು ಲೆಕ್ಕಕ್ಕೆ ಸಿಗದೆ ಉಳಿಯುವುದು ಹೀಗೇ.

ಮಾತ್ರೆಗೆ ಹೆದರುವುದೂ ಬೇಡ, ಅದೊಂದೇ ಸಾಕು ಅನ್ನುವುದೂ ಬೇಡ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಎಂಬ ಔಷಧ ಬಹಳ ಮಕ್ಕಳಿಗೆ ನೆರವಾಗುತ್ತದೆ, ಆದರೆ ಹಸಿವು, ನಿದ್ದೆ ಕಡಿಮೆಯಾಗಬಹುದು. ಡಾಕ್ಟರ್ ತೂಕ, ಎತ್ತರ, ಬಿಪಿ ನೋಡುತ್ತಿರಬೇಕು. ಆರು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಮೊದಲು ಮಾತ್ರೆಯಲ್ಲ, ಮಗುವನ್ನು ನಿಭಾಯಿಸಲು ತಂದೆ-ತಾಯಿಗೇ ತರಬೇತಿ.

ಮನಸ್ಸು

‘ಕೈಕಾಲು ತೊಳ್ದು, ಬ್ಯಾಗ್ ಇಟ್ಟು, ಯೂನಿಫಾರ್ಮ್ ಬಿಚ್ಚಿ, ಓದೋಕೆ ಕೂರು.’ ನಾಲ್ಕು ಕೆಲಸ ಒಂದೇ ಉಸಿರಿನಲ್ಲಿ. ಎರಡನೆಯದಕ್ಕೇ ಮಗುವಿನ ತಲೆಯಿಂದ ಉಳಿದದ್ದು ಜಾರಿರುತ್ತದೆ. ಹತ್ತಿರ ಹೋಗಿ, ಭುಜ ಮುಟ್ಟಿ, ಒಂದೊಂದೇ ಹೇಳಿ. ಮಾಡಿದ ತಕ್ಷಣ ಮೆಚ್ಚಿ. ತಿಂಗಳ ಕೊನೆಗೆ ಸೈಕಲ್ ಎಂಬ ಆಸೆ ಈ ಮಕ್ಕಳಿಗೆ ನಾಟುವುದಿಲ್ಲ. ಓದಲು, ಬರೆಯಲು ವಿಪರೀತ ಕಷ್ಟವಿದ್ದರೆ ಕಲಿಕಾ ತೊಂದರೆಯೂ ಜತೆಗಿರಬಹುದು, ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಸುತ್ತಮುತ್ತ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಚ್ಚು ಕೈಗೆ ಸಿಗುವುದು ಈ ಕಾಲಂನಲ್ಲೇ ಎನ್ನುವುದು ನನ್ನ ಅಭಿಪ್ರಾಯ. ಜೂನ್ ಬಂತೆಂದರೆ ಶಾಲೆ ಮೈದಾನ ಕೆಸರು, ಆಟದ ಪಿರಿಯಡ್ಡೂ ಕ್ಲಾಸಿನೊಳಗೇ. ದೊಡ್ಡವರಿಗೇ ಮಳೆಗಾಲದಲ್ಲಿ ಮನೆ ಹಿಡಿಸುವುದಿಲ್ಲ, ಮಕ್ಕಳ ಪಾಡು ಕೇಳಬೇಕೇ? ‘ಮಳೆಗಾಲದಲ್ಲಿ ಜಾಸ್ತಿ’ ಎಂದು ನಿಮ್ಮ ನೋಟ್‌ಬುಕ್ ಹೇಳಿದರೆ ಓದಿಗೆ ಮುಂಚೆ ಜಗಲಿಯಲ್ಲಿ ಹಗ್ಗ ಜಿಗಿತವೋ, ಕೊಟ್ಟಿಗೆಗೆ ಹುಲ್ಲು ಹೊರುವುದೋ, ಮೈ ದಣಿಯುವ ಒಂದು ಕೆಲಸ ಇಡಿ.

ಕಾರವಾರದ ಕಡೆ ಇನ್ನೊಂದು ಸಂಗತಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಪಾಠದ ಭಾಷೆ ಅರ್ಥವಾಗದ ಮಗು ಗಮನ ಕೊಡದ ಮಗುವಿನಂತೆಯೇ ಕಾಣುತ್ತದೆ. ಕೊಂಕಣಿಯಲ್ಲಿ ಕತೆ ಹೇಳಿದಾಗ ಹೇಗೆ ಕೇಳುತ್ತದೆ ನೋಡಿ, ಡಾಕ್ಟರಿಗೂ ಹೇಳಿ.

ಕೂಡು ಕುಟುಂಬದಲ್ಲಿ ಅಪ್ಪ ಬೇಡ ಎಂದದ್ದನ್ನು ಅಜ್ಜಿ ಕೊಡುತ್ತಾರೆ. ಎರಡೇ ನಿಯಮ ಸಾಕು, ಎಲ್ಲರದ್ದೂ ಒಂದೇ ಇರಲಿ. ಮೊಬೈಲಿನಿಂದಲೇ ಎಡಿಎಚ್‌ಡಿ ಬರುವುದಿಲ್ಲ. ಆದರೆ ಮಲಗುವ ಹೊತ್ತಿನ ಮೊಬೈಲ್ ನಿದ್ದೆ ತಿನ್ನುತ್ತದೆ, ಮಾರನೇ ದಿನ ಎಲ್ಲ ಲಕ್ಷಣವೂ ಜೋರು.

ಮಾಸ್ತರರ ಹತ್ತಿರ ‘ಸ್ವಲ್ಪ ನೋಡ್ಕೊಳ್ಳಿ’ ಎಂದರೆ ಅವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಬಿಡಿಸಿ ಕೇಳಿ: ಬಾಗಿಲು, ಕಿಟಕಿಯಿಂದ ದೂರ ಮುಂದಿನ ಬೆಂಚು, ಹತ್ತು ಲೆಕ್ಕವನ್ನು ಐದೈದಾಗಿ ಕೊಡುವುದು, ನಡುನಡುವೆ ಚಾಕ್ ತರಲು ಕಳಿಸುವುದು.

ಗೆರೆ ಎಳೆದು, ಒಂದನ್ನು ಆರಿಸಿ

ಈಗ ಕಾಲಂಗಳ ನಡುವೆ ಬಾಣದ ಗುರುತು ಹಾಕಿ. ತಡವಾಗಿ ನಿದ್ದೆ, ಬೆಳಿಗ್ಗೆ ಮಂಕು, ಕ್ಲಾಸಿನಲ್ಲಿ ಬೈಗುಳ, ಶಾಲೆಯೇ ಬೇಡ ಎಂಬ ಅಳು, ಮನೆಯಲ್ಲಿ ಪೆಟ್ಟು, ಮತ್ತೆ ರಾತ್ರಿ ನಿದ್ದೆಯಿಲ್ಲ. ಇದರಲ್ಲಿ ಸುಲಭಕ್ಕೆ ಬದಲಾಗುವುದು ಯಾವುದು? ಅದೊಂದನ್ನೇ ಎರಡು ವಾರ ಹಿಡಿಯಿರಿ. ಎಲ್ಲವನ್ನೂ ಸೋಮವಾರದಿಂದಲೇ ಶುರು ಮಾಡಿದವರು ಗುರುವಾರಕ್ಕೆ ಕೈಬಿಡುತ್ತಾರೆ.

ಹಾಳೆಯ ಜೊತೆ ಮಾಸ್ತರರ ನಾಲ್ಕು ಸಾಲನ್ನೂ ಡಾಕ್ಟರ್ ಹತ್ತಿರ ಒಯ್ಯಿರಿ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಹೆಚ್ಚಿನ ತಪಾಸಣೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಎಲ್ಲಿಗೆ ಹೋಗುವುದೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.