ಆಟಿ ಮಳೆ ಮತ್ತು ಬಾಗುವ ಸೋಲಾರ್ ಸೆಲ್: ನನ್ನ ಅನುಭವ

ನಮ್ಮ ಸೋಲಾರ್ ಸೆಲ್‌ನಲ್ಲಿ ಬೆಳಕು ಹೀರುವ ಪೆರೋವ್‌ಸ್ಕೈಟ್‌ಗೂ ನೀರಿಗೂ ಆಗಿ ಬರುವುದಿಲ್ಲ. ನಮ್ಮ ಲ್ಯಾಬ್ ಇರುವುದು ಮಣಿಪಾಲದಲ್ಲಿ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಜಾಗ. ಇಲ್ಲಿ ಕೂತು ಇದೇ ವಿಷಯ ಯಾಕೆ ಮಾರಾಯ್ರೆ ಅಂತ ತುಂಬಾ ಜನ ಕೇಳಿದ್ದಾರೆ. ಇಲ್ಲಿನ ಗಾಳಿಯಲ್ಲಿ ಮಾಡಲು ಬಂದರೆ ಎಲ್ಲಿ ಬೇಕಾದರೂ ಮಾಡಬಹುದು, ಅಲ್ವಾ? ನಾನು ಹೇಳುವುದು ಇಷ್ಟೇ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಪೆರೋವ್‌ಸ್ಕೈಟ್ ಅನ್ನುವ ಖನಿಜ 1839ರಲ್ಲಿ ರಷ್ಯಾದ ಉರಲ್ ಬೆಟ್ಟಗಳಲ್ಲಿ ಸಿಕ್ಕಿತು. ಸೋಲಾರ್ ಸೆಲ್‌ಗೆ ನಾವು ಬಳಸುವುದು ಆ ಕಲ್ಲನ್ನಲ್ಲ, ಅದೇ ಹರಳಿನ ರಚನೆ ಇರುವ ಸೀಸ-ಅಯೋಡಿನ್ ಸಂಯುಕ್ತವನ್ನು. 2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ಇಂಥ ಸೆಲ್ ಮಾಡಿದಾಗ ದಕ್ಷತೆ ಶೇ. 3.8 ಇತ್ತು. ಈಗ ಲ್ಯಾಬ್‌ನ ಸಣ್ಣ ಸೆಲ್‌ಗಳು ಶೇ. 26 ದಾಟಿವೆ. ಬೆಳಕು ಹೀರುವ ಪದರ ಅರ್ಧ ಮೈಕ್ರಾನ್ ದಪ್ಪ ಇದ್ದರೆ ಸಾಕು. ಅದನ್ನು ಕಾಯಿಸಲು 100 ಡಿಗ್ರಿ ಸಾಕು. ಹಾಗಾಗಿ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೂ ಮಾಡಬಹುದು.

ನಾವು ಬಳಸುವುದು ಪಿಇಟಿ ಅನ್ನುವ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ವಿದ್ಯುತ್ ಹರಿಯುವ ಐಟಿಒ ಲೇಪ ಇರುತ್ತದೆ. ಹಾಳೆಯನ್ನು ಗಿರ್ರನೆ ತಿರುಗಿಸಿ ದ್ರಾವಣ ಹರಡುವ ಸ್ಪಿನ್ ಕೋಟರ್ ಯಂತ್ರದಲ್ಲಿ ಸುಮ್ನೆ ಇಟ್ಟರೆ ಕೆಳಗಿನ ವ್ಯಾಕ್ಯೂಮ್ ಹಾಳೆಯನ್ನು ಎಳೆದು ನಡುವೆ ಸಣ್ಣ ಗುಳಿ ಬೀಳಿಸುತ್ತದೆ. ದ್ರಾವಣ ಆ ಗುಳಿಯಲ್ಲೇ ನಿಲ್ಲುತ್ತದೆ. ಅದಕ್ಕೆ ಹಾಳೆಯನ್ನು ಮೊದಲು ಗಾಜಿನ ತುಂಡಿಗೆ ಅಂಟಿಸುತ್ತೇವೆ. ಕೆಳಗೆ ಒಂದು ಗಾಳಿಗುಳ್ಳೆಯೂ ಇರಬಾರದು. ಇದ್ದರೆ ಹಾಟ್‌ಪ್ಲೇಟ್ ಮೇಲೆ ಆ ಜಾಗ ಸರಿಯಾಗಿ ಕಾಯುವುದಿಲ್ಲ, ಅಲ್ಲೊಂದು ಕಲೆ ಉಳಿಯುತ್ತದೆ. ಯಾವ ಪೇಪರಿನಲ್ಲೂ ಇದನ್ನು ವಿವರವಾಗಿ ಬರೆಯುವುದಿಲ್ಲ. ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ಕಲಿಸುವುದೇ ಇದನ್ನು.

ನಮ್ಮ ಜೊತೆ ಬೆಂಗಳೂರಿನ ಒಂದು ತಂಡ ಇದೆ. ಸುರತ್ಕಲ್ ಕಡೆಯ ಕೆಮಿಸ್ಟ್ರಿ ಗೆಳೆಯರೂ ಇದ್ದಾರೆ. ಸುರತ್ಕಲ್‌ನವರು ಮಾಲಿಕ್ಯೂಲ್ ಮಾಡಿಕೊಡುತ್ತಾರೆ, ಬೆಂಗಳೂರಿನವರು ಅಳೆಯುತ್ತಾರೆ, ಫಿಲ್ಮ್ (ತೆಳು ಪದರ) ಮಾಡುವುದು ಮತ್ತು ಬಗ್ಗಿಸುವುದು ನಮ್ಮ ಪಾಲು. ಶುರುವಿನಲ್ಲಿ ಬೆಂಗಳೂರಿನವರು ತಮ್ಮ ರೆಸಿಪಿ ಕಳಿಸಿದರು. ಅವರಲ್ಲಿ ಫಿಲ್ಮ್ ಕನ್ನಡಿಯ ಹಾಗೆ ಕಪ್ಪಗೆ ಬರುತ್ತಿತ್ತು. ನಮ್ಮಲ್ಲಿ ಬೂದು ಬಣ್ಣ, ಮಸುಕು, ಅಂಚಿನಲ್ಲಿ ಹಳದಿ. ಕೆಮಿಕಲ್ ಒಂದೇ, ಬಾಟಲಿಯೂ ಒಂದೇ ಬ್ಯಾಚಿನದು. ಆನ್‌ಲೈನ್ ಮೀಟಿಂಗ್‌ನಲ್ಲಿ ಪೆರೋವ್‌ಸ್ಕೈಟ್‌ನ ಕೆಳಗೆ ಬರುವ ನಿಮ್ಮ ತಳದ ಪದರ ಸರಿಯಿಲ್ಲ ಅಂತ ಅವರು, ನಿಮ್ಮ ರೆಸಿಪಿ ಪೂರ್ತಿ ಬರೆದಿಲ್ಲ ಅಂತ ನಾವು.

ಮಾತಿನಲ್ಲಿ ಮುಗಿಯುವ ಜಗಳ ಅದಲ್ಲ. ಅರ್ಧ ಮಾಡಿದ ಸ್ಯಾಂಪಲ್‌ಗಳನ್ನೇ ಅದಲುಬದಲು ಮಾಡಿದೆವು. ತಳದ ಟಿನ್ ಆಕ್ಸೈಡ್ ಪದರದವರೆಗೆ ನಾವು ಮಾಡಿದ ಹಾಳೆಗಳು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ದಾಟಿದವು. ಅವರದ್ದು ಇಲ್ಲಿಗೆ ಬಂದವು. ನಮ್ಮ ತಳದ ಮೇಲೆ ಅವರ ಪೆರೋವ್‌ಸ್ಕೈಟ್ ಚಂದಕ್ಕೆ ಕಪ್ಪಾಯಿತು. ಅವರ ತಳದ ಮೇಲೆ ನಮ್ಮದು ಮತ್ತೆ ಬೂದು. ಅಲ್ಲಿಗೆ ತೊಂದರೆ ತಳದ ಪದರದಲ್ಲಿಲ್ಲ ಅಂತ ಖಾತ್ರಿಯಾಯಿತು. ಉಳಿದದ್ದು ಗಾಳಿಯ ತೇವ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನಮ್ಮ ಕೋಣೆಯ ತೇವಾಂಶದ ಮೀಟರ್ ಎಸಿ ಹಾಕಿದರೂ ಶೇ. 70ರ ಕೆಳಗೆ ಇಳಿಯುತ್ತಿರಲಿಲ್ಲ.

ಜಂಟಿ ಸಂಶೋಧನೆ ಅಂದರೆ ನನ್ನ ಮಟ್ಟಿಗೆ ಆ ಡಬ್ಬಿ. ಒಪ್ಪಂದದ ಕಾಗದಕ್ಕೆ ಎಲ್ಲರೂ ಸಹಿ ಹಾಕುತ್ತಾರೆ, ಅರ್ಧ ಮಾಡಿದ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಲು ಹೆಚ್ಚಿನವರು ಹಿಂಜರಿಯುತ್ತಾರೆ. ಅಂದಿನಿಂದ ಪ್ರತಿ ಸ್ಯಾಂಪಲ್ ನಂಬರಿನ ಪಕ್ಕ ಆ ಹೊತ್ತಿನ ತೇವಾಂಶ, ಉಷ್ಣತೆ ಬರೆಯುವುದು ಮೂರೂ ಕಡೆ ಕಡ್ಡಾಯ.

ಬೆಂಗಳೂರಿನ ರೆಸಿಪಿಯಲ್ಲಿ ಹಾಳೆ ತಿರುಗುತ್ತಿರುವಾಗಲೇ ಅದರ ಮೇಲೆ ಕ್ಲೋರೋಬೆಂಜೀನ್ ಸುರಿಯಬೇಕಿತ್ತು. ಹರಳು ಒಟ್ಟಿಗೇ ಕಟ್ಟಲಿ ಅಂತ. ಕೆಲವೇ ಸೆಕೆಂಡಿನ ಆಟ ಅದು, ಮೇಲಿಂದ ವಿಷದ ದ್ರವ. ನಾವು ಅದನ್ನು ಬಿಟ್ಟು ಒಣ ಗಾಳಿ ಊದಲು ಶುರು ಮಾಡಿದೆವು. ಗಾಳಿ ಬಡಿದ ತಕ್ಷಣ ತೆಳು ಹಳದಿ ದ್ರವ ಕಂದು ಬಣ್ಣಕ್ಕೆ ತಿರುಗುತ್ತದೆ, ಹಾಟ್‌ಪ್ಲೇಟ್‌ಗೆ ಇಟ್ಟ ಮೇಲೆ ಕಪ್ಪು. ಒಂದು ವಿಷ ಕಡಿಮೆಯಾಯಿತು. ಹಾಳೆಯ ಸುತ್ತಲಿನ ತೇವವನ್ನೂ ಅದೇ ಗಾಳಿ ದೂರ ತಳ್ಳುತ್ತದೆ. ತೇವ ಒಳಬರದ ಮುಚ್ಚಿದ ಪೆಟ್ಟಿಗೆ, ಅಂದರೆ ಗ್ಲೋವ್ ಬಾಕ್ಸ್ ಇಲ್ಲದೆ ಮಳೆಗಾಲದಲ್ಲೂ ಫಿಲ್ಮ್ ಬರುತ್ತಿದೆ. ಬೇಸಿಗೆಯಷ್ಟು ಚೆನ್ನಾಗಿ ಬರುತ್ತದೆ ಅಂತ ಹೇಳಲಾರೆ.

ಬಗ್ಗಿಸಿದರೆ ಮೇಲ್ಮೈ ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕ ಸುಲಭ. ಹಾಳೆಯ ದಪ್ಪವನ್ನು ಬಾಗುವ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. 125 ಮೈಕ್ರಾನ್ ಹಾಳೆಯನ್ನು 5 ಮಿ.ಮೀ. ತ್ರಿಜ್ಯದ ಸರಳಿಗೆ ಸುತ್ತಿದರೆ ಮೇಲ್ಮೈ ಶೇ. 1.25ರಷ್ಟು ಹಿಗ್ಗುತ್ತದೆ. ಅಷ್ಟರಲ್ಲಿ ಐಟಿಒ ಬಿರುಕು ಬಿಡಲು ಶುರುವಾಗಬಹುದು. ಪೆರೋವ್‌ಸ್ಕೈಟ್‌ಗಿಂತ ಮೊದಲು ಕೈಕೊಡುವುದು ಹೆಚ್ಚಾಗಿ ಅದೇ. 50 ಮೈಕ್ರಾನ್ ಹಾಳೆಯಾದರೆ ಹಿಗ್ಗುವುದು ಶೇ. 0.5 ಮಾತ್ರ. ಆದರೆ ಅಷ್ಟು ತೆಳು ಹಾಳೆಯನ್ನು ಗಾಜಿಗೆ ಅಂಟಿಸಿ, ಮತ್ತೆ ಸುಕ್ಕಾಗದೆ ಬಿಡಿಸುವುದು ಎಂತ ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಸೀಸದ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದೇ. ಅರ್ಧ ಮೈಕ್ರಾನ್ ಪದರದಲ್ಲಿ ಚದರ ಮೀಟರ್‌ಗೆ ಸುಮಾರು 0.7 ಗ್ರಾಂ ಸೀಸ ಇರುತ್ತದೆ. ಕಡಿಮೆಯೇ, ಆದರೆ ನೀರಿಗೆ ಬಿಡುವ ರೂಪದಲ್ಲಿ ಇದೆ. ನಮ್ಮೂರಿನ ಮಳೆಗೆ ಒಡೆದ ಸೆಲ್ ಸಿಕ್ಕರೆ ಅದು ಬಾವಿಯವರೆಗೆ ಹೋಗಬಹುದು. ಕೆಟ್ಟ ಸ್ಯಾಂಪಲ್‌ನ ಪದರ ಕರಗಿಸಿ ತೆಗೆದು, ಐಟಿಒ ಹಾಳೆಯನ್ನು ತೊಳೆದು ಮತ್ತೆ ಬಳಸುತ್ತೇವೆ. ಸೀಸದ ದ್ರಾವಣವನ್ನು ಬೇರೆ ಕ್ಯಾನಿನಲ್ಲಿ ಕೂಡಿಡುತ್ತೇವೆ, ಸಿಂಕಿಗೆ ಒಂದು ಹನಿಯೂ ಹೋಗಬಾರದು. ವಿದ್ಯುತ್ ಹೊರತರುವ ಮೇಲಿನ ಚಿನ್ನದ ಪದರದ ಬದಲು ಈಗ ಕಾರ್ಬನ್ ಪೇಸ್ಟ್. ಅಗ್ಗ, ನೀರನ್ನೂ ಸ್ವಲ್ಪ ತಡೆಯುತ್ತದೆ. ದಕ್ಷತೆ ಇಳಿಯುತ್ತದೆ. ಇಳಿಯಲಿ, ಪೇಪರಿಗೆ ಚಂದ ಕಾಣುವ ನಂಬರಿಗಿಂತ ಮಳೆ ತಡೆಯುವ ಸೆಲ್ ನನಗೆ ಬೇಕು.

ಸದ್ಯದ ತಲೆನೋವು ಅಂಚಿನದು. ಮೇಲಿಂದ ಎಷ್ಟು ಮುಚ್ಚಿದರೂ ತೇವ ಪಕ್ಕದಿಂದ ನುಗ್ಗುತ್ತದೆ, ಬಗ್ಗಿಸಿದ ಮೇಲೆ ಅಲ್ಲಿಯ ಅಂಟು ಬಿಡುತ್ತದೆ. ಅಂಟು ಹುಡುಕುವುದು ಸುರತ್ಕಲ್‌ನವರ ಕೆಲಸ. ಅಂಟಿಸಿ, ಬಗ್ಗಿಸಿ, ತಾರಸಿಯ ಮಳೆಗೆ ಇಡುವುದು ನಮ್ಮದು. ಮುಂದಿನ ಡಬ್ಬಿ ಬೆಂಗಳೂರಿಗೆ ಹೋಗುವುದು ಆಮೇಲೆ.