ಶಿಬಿರ ಬಿಟ್ಟೆವು, ಸುತ್ತಲಿನ ಜನ ಬಂದರು: ನನ್ನ ಅನುಭವ

ಉಚಿತ ತಪಾಸಣಾ ಶಿಬಿರಗಳನ್ನು ಕೈಬಿಟ್ಟು ಒಂದೇ ಶಾಲೆಗೆ ವರ್ಷಗಟ್ಟಲೆ ಹೋಗುತ್ತೇನೆಂದು ಹೇಳಿದಾಗ ಜೊತೆಯ ದಂತವೈದ್ಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಸಾವಿರ ಜನರ ಬಾಯಿ ನೋಡಿದರೆ ನೂರು ಜನರಾದರೂ ಕ್ಲಿನಿಕ್ ಮೆಟ್ಟಿಲು ಹತ್ತಿಯಾರು, ಇನ್ನೂರು ಮಕ್ಕಳ ಹಿಂದೆ ಬಿದ್ದರೆ ಬಾಡಿಗೆ ಕಟ್ಟುವುದು ಹೇಗೆ ಎಂಬುದು ಅವರ ಲೆಕ್ಕವಾಗಿತ್ತು. ಈಗ ಹೊಸದಾಗಿ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸುತ್ತಲಿನ ಯಾರದೋ ಮಾತು ಕೇಳಿ ಬಂದವರು. ಜಾಹೀರಾತಿಗೆ ಖರ್ಚು ಮಾಡುವುದನ್ನೇ ನಿಲ್ಲಿಸಿದ್ದೇನೆ. ಅಂದು ನಕ್ಕವರಲ್ಲಿ ಇಬ್ಬರು ಈಚೆಗೆ ವಿಧಾನವೇನೆಂದು ವಿಚಾರಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಶಿಬಿರಗಳ ಖರ್ಚಿನ ಮಾತು. ಬ್ಯಾನರ್, ಕರಪತ್ರ, ಹಂಚುವ ಬ್ರಷ್ಷು-ಪೇಸ್ಟು, ಸಹಾಯಕರ ಭತ್ಯೆ, ಆ ದಿನ ಬಾಗಿಲು ಮುಚ್ಚಿದ ಕ್ಲಿನಿಕ್‌ನ ನಷ್ಟ ಎಲ್ಲ ಸೇರಿ ಒಂದೊಂದು ಶಿಬಿರಕ್ಕೆ ಹೆಚ್ಚುಕಡಿಮೆ ಒಂದು ವಾರದ ಆದಾಯ ಹೋಗುತ್ತಿತ್ತು. ಟಾರ್ಚು ಹಿಡಿದು ಒಂದು ಬಾಯಿಗೆ ಒಂದು ನಿಮಿಷದಂತೆ ನೋಡಿ, ಇಂಥ ಹಲ್ಲಿಗೆ ಫಿಲ್ಲಿಂಗ್ ಬೇಕು, ಇಂಥದಕ್ಕೆ ರೂಟ್ ಕೆನಾಲ್ ಬೇಕು ಎಂದು ಚೀಟಿ ಬರೆದು ಕೊಡುತ್ತಿದ್ದೆವು. ಚೀಟಿ ಹಿಡಿದು ಬಂದವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ, ಅವರಲ್ಲಿಯೂ ಹಲವರು ಶುಲ್ಕ ಕೇಳಿ ಹಿಂದಿರುಗಿದರು. ನೋವಿಲ್ಲದ ಮನುಷ್ಯನಿಗೆ ಅಪರಿಚಿತನೊಬ್ಬ ರಸ್ತೆ ಬದಿಯಲ್ಲಿ ಕೂರಿಸಿ ನಾಲ್ಕು ಹುಳುಕು ಎಣಿಸಿ ಹೇಳಿದರೆ, ಇವನು ಗಿರಾಕಿ ಹುಡುಕುತ್ತಿದ್ದಾನೆ ಎಂದೇ ಅವನಿಗೆ ತೋಚುತ್ತದೆ, ಮತ್ತು ಅವನ ಅನುಮಾನ ಪೂರ್ತಿ ಸುಳ್ಳೂ ಆಗಿರುವುದಿಲ್ಲ.

ಶಾಲೆಯಲ್ಲಿ ನಾವು ಹಿಡಿದದ್ದು ಆರು-ಏಳು ವರ್ಷದ ಮಕ್ಕಳನ್ನು. ಮೊದಲ ಶಾಶ್ವತ ದವಡೆ ಹಲ್ಲು ಆ ವಯಸ್ಸಿನಲ್ಲಿ ಹಾಲುಹಲ್ಲುಗಳ ಹಿಂದೆ ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳದ ಕಾರಣ ತಂದೆ-ತಾಯಿ ಅದನ್ನೂ ಹಾಲುಹಲ್ಲೆಂದೇ ಎಣಿಸಿ, ಹುಳುಕಾದರೂ ಬಿದ್ದು ಹೋಗುತ್ತದೆ ಎಂದು ಸುಮ್ಮನಿರುತ್ತಾರೆ. ನಿಮಗೆ ಇದು ಹೊಸದಲ್ಲ. ಆದರೆ ತಾಯಿಯ ಕೈಗೇ ಕನ್ನಡಿ ಕೊಟ್ಟು, ಮಗುವಿನ ಬಾಯಲ್ಲಿ ಆ ಹಲ್ಲನ್ನು ಅವರೇ ಹುಡುಕುವಂತೆ ಮಾಡಿ, ಇದು ಜೀವನಪೂರ್ತಿ ಇರಬೇಕಾದದ್ದು ಎಂದು ಹೇಳಿದ ಮೇಲೆ ಅವರ ಪ್ರಶ್ನೆಗಳೇ ಬದಲಾದವು. ಹುಳುಕು ತಡೆಯುವ 5 ಶೇಕಡಾ ಸೋಡಿಯಂ ಫ್ಲೋರೈಡ್ ವಾರ್ನಿಶ್ ಲೇಪವನ್ನು ವರ್ಷಕ್ಕೆ ಎರಡು ಬಾರಿ ಹಚ್ಚುತ್ತೇವೆ. ಅದಕ್ಕೆ ಡೆಂಟಲ್ ಚೇರ್ ಬೇಕಿಲ್ಲ, ಹಲ್ಲನ್ನು ಹತ್ತಿಯಿಂದ ಒರೆಸಿ ತೆಳುವಾಗಿ ಬಳಿದರೆ ಜೊಲ್ಲು ತಗುಲಿದಾಗಲೇ ಗಟ್ಟಿಯಾಗುತ್ತದೆ. ದವಡೆ ಹಲ್ಲಿನ ಮೇಲ್ಮೈಯ ಸಂದುಗಳನ್ನು ಮುಚ್ಚುವ ರೆಸಿನ್ ಸೀಲಂಟ್ ಅನ್ನೂ ತರಗತಿಯಲ್ಲಿಯೇ ಹಾಕಲು ಹೋಗಿ ಸೋತೆವು. ಅರ್ಧ ಮೂಡಿದ ಹಲ್ಲನ್ನು ಅಲ್ಲಿ ಒಣಗಿಸಿ ಇಡುವುದು ಆಗದ ಮಾತು, ಆರು ತಿಂಗಳಲ್ಲಿ ಮೂರನೇ ಒಂದು ಪಾಲು ಕಿತ್ತು ಬಂದಿತ್ತು. ಬಳಿಕ ಅಂಥ ಹಲ್ಲುಗಳಿಗೆ ತುಸು ತೇವವಿದ್ದರೂ ಅಂಟುವ ಗ್ಲಾಸ್ ಅಯನೋಮರ್ ಸಿಮೆಂಟ್ ಹಾಕತೊಡಗಿದೆವು.

ತಂದೆ-ತಾಯಿಯ ಒಪ್ಪಿಗೆ ಪತ್ರ ನಮ್ಮನ್ನು ಹೆಚ್ಚು ಸತಾಯಿಸಿತು. ಮೊದಲ ವರ್ಷ ಕಳುಹಿಸಿದ ಪತ್ರಗಳಲ್ಲಿ ಅರ್ಧದಷ್ಟೂ ಸಹಿಯಾಗಿ ಮರಳಲಿಲ್ಲ. ಪತ್ರದ ಒಕ್ಕಣೆಯನ್ನೂ ಅದನ್ನು ಯಾರ ಕೈಯಿಂದ, ವಾರದ ಯಾವ ದಿನ ಕಳುಹಿಸಬೇಕೆಂಬುದನ್ನೂ ಬದಲಿಸಿದ ಮೇಲೆ ಹತ್ತಕ್ಕೆ ಒಂಬತ್ತು ಬರುತ್ತಿವೆ. ಆ ಒಕ್ಕಣೆಯನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ತಿದ್ದಲು ನಾನು ಪಟ್ಟ ಪಾಡು ನನಗೇ ಗೊತ್ತು. ಇಷ್ಟು ಮಾತ್ರ ಹೇಳಬಹುದು: ಪತ್ರದಲ್ಲಿ ಕ್ಲಿನಿಕ್‌ನ ವಿಳಾಸವಾಗಲಿ ರಿಯಾಯಿತಿಯ ಮಾತಾಗಲಿ ಇರಲಿಲ್ಲ, ಮಕ್ಕಳ ಕೈಗೆ ವಿಸಿಟಿಂಗ್ ಕಾರ್ಡನ್ನೂ ನಾವು ಕೊಡಲಿಲ್ಲ.

ಜನರ ಬಾಯಲ್ಲಿ ನಮ್ಮ ಹೆಸರು ಹರಿದಾಡುವಂತೆ ಮಾಡಿದ್ದು ವಾರ್ನಿಶ್‌ಗಿಂತ ಹೆಚ್ಚಾಗಿ ದೈಹಿಕ ಶಿಕ್ಷಕರಿಗೆ ಕೊಟ್ಟ ಒಂದು ಗಂಟೆಯ ತರಬೇತಿ. ಮಾದರಿ ದವಡೆ, ಒಂದು ಪ್ಲಾಸ್ಟಿಕ್ ಹಲ್ಲು, ಒಂದು ಲೋಟ ಹಾಲು, ಇಷ್ಟೇ ಸಾಮಗ್ರಿ. ಆಟದಲ್ಲಿ ಶಾಶ್ವತ ಹಲ್ಲು ಬುಡಸಹಿತ ಉದುರಿದರೆ ಬೇರನ್ನು ಮುಟ್ಟದೆ ಬಿಳಿಯ ಭಾಗವನ್ನು ಹಿಡಿದೆತ್ತಬೇಕು, ಮಣ್ಣಿದ್ದರೆ ಉಜ್ಜದೆ ಕ್ಷಣಕಾಲ ತೊಳೆಯಬೇಕು, ಸಾಧ್ಯವಾದರೆ ಅಲ್ಲಿಯೇ ಕುಳಿಯಲ್ಲಿ ಕೂರಿಸಬೇಕು, ಇಲ್ಲವಾದರೆ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ತರಬೇಕು. ಹಾಲುಹಲ್ಲಾದರೆ ಮಾತ್ರ ಮರಳಿ ಕೂರಿಸಲೇಬಾರದು. ಪ್ರತಿಯೊಬ್ಬ ಶಿಕ್ಷಕರೂ ನನ್ನೆದುರು ತಮ್ಮ ಕೈಯಿಂದಲೇ ಹಲ್ಲನ್ನು ಕುಳಿಗೆ ಕೂರಿಸಿ ತೋರಿಸುವವರೆಗೆ ಬಿಡಲಿಲ್ಲ. ಮರುವರ್ಷ ಒಂದು ಮಧ್ಯಾಹ್ನ ಮುಂಭಾಗದ ಹಲ್ಲು ಹಾಲಿನ ಡಬ್ಬಿಯಲ್ಲಿ ಕ್ಲಿನಿಕ್‌ಗೆ ಬಂದಾಗ ಬಿದ್ದು ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಕೂರಿಸಿ, ಪಕ್ಕದ ಹಲ್ಲುಗಳಿಗೆ ಸೇರಿಸಿ ಹಿಡಿಯುವ ಬಾಗುವ ತಂತಿಯ ಸ್ಪ್ಲಿಂಟ್ ಹಾಕಿ, ಎರಡು ವಾರಕ್ಕೆ ತೆಗೆದು, ರೂಟ್ ಕೆನಾಲ್ ಮಾಡಿದೆವು. ಹಲ್ಲು ಇಂದಿಗೂ ಇದೆ. ಆ ಮಗುವಿನ ಫೋಟೊವನ್ನು ಎಲ್ಲಿಯೂ ಹಾಕಲಿಲ್ಲ, ಹಾಕುವ ಅಗತ್ಯವೂ ಬೀಳಲಿಲ್ಲ. ಆ ತಿಂಗಳು ಬಂದ ಫೋನುಗಳಲ್ಲಿ ಹೆಚ್ಚಿನವು ಹಲ್ಲನ್ನು ಹಾಲಿನಲ್ಲಿ ತಂದ ಕಥೆಯನ್ನೇ ಪ್ರಸ್ತಾಪಿಸಿದವು.

ಸುತ್ತಲಿನ ಸಾಮಾನ್ಯ ವೈದ್ಯರೊಡನೆ ಸಂಬಂಧ ಬೆಳೆಸಲು ಇನ್ನೊಂದು ದಾರಿ ಹಿಡಿದೆ. ವಸಡಿನ ರೋಗವಿದ್ದರೆ ಮಧುಮೇಹಿಗಳ ರಕ್ತದ ಸಕ್ಕರೆ ಹತೋಟಿಗೆ ಬರುವುದು ಕಷ್ಟ, ಸಕ್ಕರೆ ಏರಿದ್ದರೆ ವಸಡು ಮಾಗುವುದು ಕಷ್ಟ ಎಂಬುದು ಅವರಿಗೂ ಗೊತ್ತಿದೆ. ಅವರಿಗೆ ಬೇಕಾಗಿದ್ದದ್ದು ಉತ್ತರ. ಅವರು ಕಳುಹಿಸಿದ ಪ್ರತಿ ರೋಗಿಯ ಬಗ್ಗೆ, ವಸಡಿನ ಸ್ಥಿತಿ, ಮಾಡಿದ ಚಿಕಿತ್ಸೆ, ಮುಂದಿನ ಭೇಟಿ ಇಷ್ಟನ್ನು ಅರ್ಧ ಪುಟದಲ್ಲಿ ಬರೆದು ಅದೇ ವಾರ ಮರಳಿಸುತ್ತೇನೆ. ಕಮಿಷನ್ ಕೇಳಿದವರೂ ಇದ್ದರು, ಅವರ ಸಹವಾಸ ಬೇಡವೆಂದು ಬಿಟ್ಟೆ. ಉಳಿದ ಮೂವರು ನಾಲ್ವರಿಂದಲೇ ವಸಡಿನ ಚಿಕಿತ್ಸೆಯ ದಿನಗಳು ತುಂಬುತ್ತಿವೆ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದ್ದುಂಟು. ಹಲ್ಲಿನ ಪಾಚಿಗೆ ಬಣ್ಣ ಹಿಡಿಸುವ ಮಾತ್ರೆಯನ್ನು ಮಕ್ಕಳಿಗೆ ಜಗಿಸಿದಾಗ ಅವರು ಕುಣಿದಾಡಿದರು, ಅಂಗಿಗೆ ಅಂಟಿದ ಬಣ್ಣ ನೋಡಿ ತಾಯಂದಿರು ಸಿಡಿಮಿಡಿಗೊಂಡರು. ಈಗ ಹಳೆಯ ಬಟ್ಟೆಯ ಏಪ್ರನ್ ಕಟ್ಟಿಸುತ್ತೇವೆ. ವೃದ್ಧಾಶ್ರಮವೊಂದರಲ್ಲಿ ಎಲ್ಲರ ಹಲ್ಲುಸೆಟ್ಟುಗಳ ಒಳಮೈ ಮೇಲೆ ಹೆಸರು ಬರೆದು ಅಕ್ರಿಲಿಕ್ ಲೇಪ ಹಚ್ಚಿಕೊಟ್ಟೆವು. ಸೆಟ್ಟು ಅದಲುಬದಲಾಗಿ ನಡೆಯುತ್ತಿದ್ದ ಜಗಳ ನಿಂತಿತು ಎಂದು ಅಲ್ಲಿಯ ದಾದಿಯರು ಹೇಳುತ್ತಾರೆ, ಅವರ ಮನೆಯವರೆಲ್ಲ ಈಗ ನಮ್ಮ ರೋಗಿಗಳು. ರೀಲ್ಸ್ ಮಾಡಿಸಿದ ದುಡ್ಡು ಮಾತ್ರ ನೀರುಪಾಲು: ಮೆಚ್ಚುಗೆ ಒತ್ತಿದವರಲ್ಲಿ ನಮ್ಮಲ್ಲಿಗೆ ನಡೆದು ಬರುವಷ್ಟು ಹತ್ತಿರ ಇದ್ದವರು ಯಾರೂ ಇರಲಿಲ್ಲ.

ಹಣದ ಮಟ್ಟಿಗೆ, ವಾರಕ್ಕೆ ಅರ್ಧ ದಿನ ಹೊರಗೆ ಕಳೆದದ್ದರಿಂದ ಮೊದಲ ವರ್ಷ ಆದಾಯ ಸುಮಾರು ಹತ್ತನೇ ಒಂದರಷ್ಟು ಕುಸಿಯಿತು, ಎರಡನೆಯ ವರ್ಷದ ಕೊನೆಗೆ ಸರಿದೂಗಿತು, ಆಮೇಲೆ ಹಿಂದೆ ನೋಡಿಲ್ಲ. ರಾತ್ರಿ ನೋವು ತಡೆಯಲಾರದೆ ಬಂದು ಹಲ್ಲು ಕೀಳಿಸಿಕೊಂಡು ಮಾಯವಾಗುವವರು ಕಡಿಮೆಯಾಗಿ, ಆರು ತಿಂಗಳಿಗೊಮ್ಮೆ ತಾವಾಗಿಯೇ ಸ್ಕೇಲಿಂಗ್‌ಗೆ (ಹಲ್ಲಿನ ಕಿಟ್ಟ ತೆಗೆಸಲು) ಬರುವ ಕುಟುಂಬಗಳು ಹೆಚ್ಚಾಗಿವೆ. ಇನ್ನೊಂದು ಶಾಲೆಯವರೂ ಈಗ ಕರೆಯುತ್ತಿದ್ದಾರೆ. ನಮ್ಮ ಕಿರಿಯ ವೈದ್ಯೆ ಅಲ್ಲಿಗೆ ಕನಿಷ್ಠ ಮೂರು ವರ್ಷ ತಾವೇ ಹೋಗುವುದಾಗಿ ಒಪ್ಪುವವರೆಗೆ ನಾನು ಹ್ಞೂಂ ಎಂದಿಲ್ಲ. ಅವರು ಮುಂದಿನ ತಿಂಗಳು ತಿಳಿಸುತ್ತೇನೆ ಎಂದಿದ್ದಾರೆ.