ಎಡಗೆನ್ನೆಯ ಮೂರು ಕಲೆ

ನನ್ನ ಮನೆ ಧಾರವಾಡದಲ್ಲಿ, ಕ್ಲಿನಿಕ್ ಹುಬ್ಬಳ್ಳಿಯಲ್ಲಿ. 11 ವರ್ಷ ಈ 20 ಕಿಲೋಮೀಟರ್ ಸ್ಕೂಟಿಯಲ್ಲೇ ಓಡಾಡಿದ್ದೇನೆ. ಬೆಳಿಗ್ಗೆ ಹುಬ್ಬಳ್ಳಿ ಕಡೆ ಹೊರಟರೆ ಬಿಸಿಲು ಎಡಗಡೆಯಿಂದ ಬೀಳುತ್ತದೆ. ಸಂಜೆ ತಿರುಗಿ ಬರುವಾಗ ಇಳಿಬಿಸಿಲೂ ಎಡಗಡೆಯೇ. ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಓಡಿಸುವ ಅಭ್ಯಾಸ ಬೇರೆ. 38 ತುಂಬುವ ಹೊತ್ತಿಗೆ ಎಡಗೆನ್ನೆಯ ಮೇಲೆ ಮೂರು ಕಂದು ಕಲೆ ಬಂದು ಕೂತವು. ಬಲಗೆನ್ನೆ ಸ್ವಚ್ಛವಾಗಿತ್ತು. ನಾನು ಚರ್ಮದ ಡಾಕ್ಟರ್. ಬೇರೆಯವರ ಮುಖದ ಮೇಲೆ ದಿನವೂ ನೋಡುವುದನ್ನು ನನ್ನ ಕನ್ನಡಿಯಲ್ಲೂ ನೋಡಿದೆ.

ಆ ಹೊತ್ತಿಗೆ ಕ್ಲಿನಿಕ್ಕಿನಲ್ಲಿ ಐಪಿಎಲ್ ಮಷಿನ್ (ಇಂಟೆನ್ಸ್ ಪಲ್ಸ್ಡ್ ಲೈಟ್, ಜೋರು ಬೆಳಕು ಮಿಂಚಿಸಿ ಕಲೆ ತೆಗೆಯುವ ಯಂತ್ರ) ಬಂದು ಮೂರು ವರ್ಷವಾಗಿತ್ತು. ಎಲ್ಲರೂ ಅದನ್ನು ಲೇಸರ್ ಅಂತಲೇ ಕರೆಯುತ್ತಾರೆ. ಆದರೆ ಅದು ಲೇಸರ್ ಅಲ್ಲ. ಲೇಸರ್ ಒಂದೇ ಅಲೆಯುದ್ದದ, ಅಂದರೆ ಒಂದೇ ಬಣ್ಣದ ಬೆಳಕು. ಐಪಿಎಲ್‌ನಲ್ಲಿ ಕ್ಸೆನಾನ್ ದೀಪವೊಂದು ಫ್ಲ್ಯಾಶಿನಂತೆ ಮಿಂಚುತ್ತದೆ. ಅದರಲ್ಲಿ ಸುಮಾರು 500ರಿಂದ 1200 ನ್ಯಾನೋಮೀಟರ್‌ವರೆಗಿನ ಬೆಳಕೆಲ್ಲ ಕೂಡಿರುತ್ತದೆ. ಮುಂದೆ ಫಿಲ್ಟರ್ ಹಾಕಿ ಬೇಡದ್ದನ್ನು ತಡೆಯುತ್ತೇವೆ. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಈ ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತದೆ. ಕಲೆಯಲ್ಲಿ ಮೆಲನಿನ್ ಜಾಸ್ತಿ ಇರುವುದರಿಂದ ಅದೇ ಹೆಚ್ಚು ಕಾಯುತ್ತದೆ, ಒಡೆಯುತ್ತದೆ, ಆಮೇಲೆ ಉದುರುತ್ತದೆ. ಬೆಳಕನ್ನು ಹೀಗೆ ಗುರಿಯಿಟ್ಟು ಬಳಸಬಹುದು ಅಂತ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ಬರೆದರು. ಇವತ್ತಿನ ಇಂಥ ಮಷಿನ್‌ಗಳು ಅದೇ ಲೆಕ್ಕದ ಮೇಲೆ ನಿಂತಿವೆ.

ತೊಂದರೆ ಇರುವುದೂ ಅಲ್ಲೇ. ನಮ್ಮ ಕಡೆಯವರ ಚರ್ಮದಲ್ಲಿ ಕಲೆ ಇಲ್ಲದ ಜಾಗದಲ್ಲೂ ಮೆಲನಿನ್ ಇದೆ. ಬೆಳಕಿಗೆ ಕಲೆ ಯಾವುದು, ಚರ್ಮ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಕಾಯಿಸುತ್ತದೆ.

ಇದನ್ನು ನಾನು ಓದಿದ್ದೆ. ಅರ್ಥವಾಗಿದ್ದು ಮಾತ್ರ ಒಬ್ಬ ಹೆಣ್ಣುಮಗಳ ಮುಖದ ಮೇಲೆ. ಮಷಿನ್ ಬಂದ ಎರಡನೇ ತಿಂಗಳು, ಏಪ್ರಿಲ್. ಗದಗ ಕಡೆಯ ಟೀಚರ್ ಒಬ್ಬರು ಬಂದರು. ಮನೆಯಲ್ಲಿ ತಂಗಿಯ ಮದುವೆ. "ಮೇಡಂ, ಇನ್ನ ಹದಿನೈದು ದಿನ ಅದಾವ್ರಿ, ಅಷ್ಟರಾಗ ಏನರ ಮಾಡಿಕೊಡ್ರಿ" ಅಂದರು. ಮೊದಲು ಸಣ್ಣ ಜಾಗದಲ್ಲಿ ಕೊಟ್ಟು ನೋಡುವ ಟೆಸ್ಟ್ ಪ್ಯಾಚ್ ನಾನು ಮಾಡಲಿಲ್ಲ. ಮಷಿನ್ ಜೊತೆ ಬಂದಿದ್ದ ಚಾರ್ಟ್ ನೋಡಿದೆ. ಅವರದು ತೀರಾ ಕಪ್ಪಲ್ಲದ ಗೋಧಿ ಬಣ್ಣ. ಚರ್ಮದ ಆರು ವರ್ಗಗಳಲ್ಲಿ ಮೂರನೆಯದಕ್ಕೆ ಹೇಳಿದ್ದ 18 ಜೂಲ್ ಶಕ್ತಿ ಇಟ್ಟು ಎರಡೂ ಕೆನ್ನೆಗೆ ಬೆಳಕು ಕೊಟ್ಟೆ. ಮೂರನೇ ದಿನ ಅವರು ಸೆರಗು ಮುಚ್ಚಿಕೊಂಡು ಬಂದರು. ಕೆನ್ನೆಯ ಮೇಲೆ, ಬೆಳಕು ಹಾಯಿಸುವ ಹ್ಯಾಂಡ್‌ಪೀಸಿನ ಅಳತೆಯ ಚೌಕಗಳು, ಇಟ್ಟಿಗೆ ಜೋಡಿಸಿದ ಹಾಗೆ, ಒಂದರ ಪಕ್ಕ ಒಂದು ಕಪ್ಪಾಗಿದ್ದವು. ಮದುವೆಯ ಫೋಟೋಗಳಲ್ಲಿ ಅವರು ಹಿಂದೆ ನಿಂತಿದ್ದರಂತೆ. ಆ ಕಪ್ಪು ಪೂರ್ತಿ ಹೋಗಲು ಏಳು ತಿಂಗಳು ಬೇಕಾಯಿತು. ಪ್ರತಿ ತಿಂಗಳೂ ಬಂದು "ಹೋಗತೈತೇನ್ರಿ ಮೇಡಂ?" ಅಂತ ಕೇಳುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಆಮೇಲೆ ಕೂತು ಯೋಚಿಸಿದೆ. ಚರ್ಮವನ್ನು ಬಿಸಿಲಿಗೆ ತಕ್ಕಂತೆ ಒಂದರಿಂದ ಆರು ವರ್ಗ ಮಾಡುವ ಪದ್ಧತಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಅವರದು, 1975ರದು. ಅದು ಶುರುವಾದದ್ದು ಬಿಳಿ ಚರ್ಮದವರಿಗಾಗಿ. ಐದು ಮತ್ತು ಆರನೇ ವರ್ಗ ಆಮೇಲೆ ಸೇರಿದವು. ನಮ್ಮಲ್ಲಿ ಹೆಚ್ಚಿನವರು ನಾಲ್ಕು ಅಥವಾ ಐದು. ಗೋಧಿ ಬಣ್ಣ ಅಂತ ನಾನು ಮೂರಕ್ಕೆ ಹಾಕಿದ್ದ ಟೀಚರ್ ನಿಜಕ್ಕೂ ನಾಲ್ಕು. ಅದರ ಮೇಲೆ ಏಪ್ರಿಲ್ ಬಿಸಿಲಿಗೆ ಇನ್ನಷ್ಟು ಕಪ್ಪೇರಿದ್ದರು. ಕಣ್ಣಿನ ಅಂದಾಜು ಸಾಲದು. ಈಗ ನಾನು ಬಣ್ಣದ ಬಗ್ಗೆ ಕೇಳುವುದು ಎರಡು: ಬಿಸಿಲಿಗೆ ಹೋದರೆ ಮುಖ ಕೆಂಪಾಗುತ್ತೋ, ಸೀದಾ ಕಪ್ಪಾಗುತ್ತೋ? ಗಾಯವಾದರೆ ಕಪ್ಪು ಕಲೆ ಉಳಿಯುತ್ತೋ? ಸೊಳ್ಳೆ ಕಚ್ಚಿದ ಕಲೆ ತಿಂಗಳುಗಟ್ಟಲೆ ಇರುವವರಿಗೆ ಬೆಳಕಿನ ಕಲೆಯೂ ಉಳಿಯುತ್ತದೆ.

ಅದಕ್ಕೇ ಈಗ ಮೊದಲ ಭೇಟಿಯಲ್ಲಿ ಮಷಿನ್ ಮುಟ್ಟುವುದೇ ಇಲ್ಲ. ಫೋಟೋ ತೆಗೆಯುತ್ತೇನೆ, ಮಾತಾಡುತ್ತೇನೆ. ಮೊಡವೆಗೆ ಐಸೋಟ್ರೆಟಿನಾಯಿನ್ ಅಥವಾ ಡಾಕ್ಸಿಸೈಕ್ಲಿನ್ ನುಂಗುತ್ತಿದ್ದೀರಾ? ಬಸುರಿಯೇ? ಮುಖಕ್ಕೆ ಏನು ಹಚ್ಚುತ್ತೀರಿ? ಈ ಕೊನೆಯ ಪ್ರಶ್ನೆಗೆ ತುಂಬಾ ಜನ ಪರ್ಸಿನಿಂದ ಸಣ್ಣ ಟ್ಯೂಬ್ ತೆಗೆದು ತೋರಿಸುತ್ತಾರೆ. ಮೆಡಿಕಲ್ ಶಾಪಿನವರು ಕೊಟ್ಟದ್ದು, ಓರಗಿತ್ತಿ ಹೇಳಿದ್ದು. ಓದಿದರೆ ಅದರಲ್ಲಿ ಸ್ಟೀರಾಯ್ಡ್. ಹಚ್ಚಿದ ಮೊದಲ ತಿಂಗಳು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳ ಎದ್ದು ಕಂಡು, ಬಿಸಿಲಿಗೆ ಹೋದರೆ ಉರಿ. 2018ರಲ್ಲಿ ಸರ್ಕಾರ ಇಂಥ ಹಲವು ಕ್ರೀಮ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಆದರೂ ಟ್ಯೂಬ್ ಬರುತ್ತಲೇ ಇವೆ. ಅಂಥ ಮುಖಕ್ಕೆ ಬೆಳಕು ಕೊಡುವುದಿಲ್ಲ. ಮೊದಲು ಆ ಕ್ರೀಮ್ ಬಿಡಿಸಿ, ಚರ್ಮ ಸುಧಾರಿಸಲು ತಿಂಗಳುಗಟ್ಟಲೆ ಕಾಯುತ್ತೇನೆ.

ಬಂಗಿನದು ಬೇರೆಯೇ ಕಥೆ. ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ನಕ್ಷೆಯಂತೆ ಹರಡುವ ಈ ಕಪ್ಪು, ಬಿಸಿಲಿನಿಂದ ಹೆಚ್ಚಾಗುತ್ತದೆ, ನಿಜ. ಆದರೆ ಅದರ ಬೇರು ಹಾರ್ಮೋನು ಮತ್ತು ಮನೆತನದಲ್ಲೂ ಇದೆ. ಐಪಿಎಲ್ ಕೊಟ್ಟರೆ ಮೊದಲು ತಿಳಿಯಾದಂತೆ ಕಂಡು, ಆಮೇಲೆ ಮೊದಲಿಗಿಂತ ಗಾಢವಾಗಿ ಮರಳುವುದನ್ನು ಕಂಡಿದ್ದೇನೆ. ಆದ್ದರಿಂದ ಬಂಗಿಗೆ ಕ್ರೀಮ್ ಮತ್ತು ಬಿಸಿಲಿನ ರಕ್ಷಣೆಯೇ ನನ್ನ ದಾರಿ. ಕುತ್ತಿಗೆಯಲ್ಲಿ ಮಖಮಲ್ಲಿನಂತೆ ದಪ್ಪ ಕಪ್ಪು ಕಂಡರೆ ಸಕ್ಕರೆ ಪರೀಕ್ಷೆ ಬರೆಯುತ್ತೇನೆ. ಅದಕ್ಕೆ ಈ ಬೆಳಕು ಮದ್ದಲ್ಲ. ಕಲೆ ಆಕಾರ ಬದಲಿಸುತ್ತಿದ್ದರೆ, ರಕ್ತ ಬರುತ್ತಿದ್ದರೆ ಪರೀಕ್ಷೆ ಮುಗಿಯುವವರೆಗೆ ಅದರ ಮೇಲೆ ಬೆಳಕು ಹಾಯಿಸುವುದಿಲ್ಲ.

ಬ್ಯಾಡಗಿ ಕಡೆಯ ಒಬ್ಬ ಅಕ್ಕ ಫೆಬ್ರವರಿಯಲ್ಲಿ ಬಂದಿದ್ದರು. ಮೆಣಸಿನಕಾಯಿ ಸೀಜನ್. ಬೆಳಿಗ್ಗೆಯಿಂದ ಸಂಜೆವರೆಗೆ ಕಣದಲ್ಲಿ ಕಾಯಿ ಹರವುವ ಕೆಲಸ. "ಈಗ ಬ್ಯಾಡ್ರಿ ಅಕ್ಕಾರ, ಮಿರಗ ಕೂಡಿದ ಮ್ಯಾಲೆ ಬರ್ರಿ" ಅಂದೆ. ಮಿರಗ ಅಂದರೆ ಜೂನಿನ ಮೃಗಶಿರಾ ಮಳೆ. ಅವರ ಮುಖ ಸಪ್ಪಗಾಯಿತು. ಆದರೆ ಬಿಸಿಲಿಗೆ ಹೊಸದಾಗಿ ಕಪ್ಪೇರಿದ ಚರ್ಮಕ್ಕೆ ಬೆಳಕು ಕೊಟ್ಟರೆ ಸುಡುತ್ತದೆ. ಕೊನೇ ಪಕ್ಷ ನಾಲ್ಕು ವಾರ ಬಿಸಿಲು ತಪ್ಪಿಸಬೇಕು. ಅವರು ಜೂನ್ ಕೊನೆಯಲ್ಲಿ ಬಂದೇ ಬಂದರು.

ನನ್ನ ಕೆನ್ನೆಗೂ ಅದೇ ನಿಯಮ ಹಾಕಿಕೊಂಡೆ. ಜುಲೈವರೆಗೆ ಕಾದೆ. ಮೊದಲು ಕಿವಿಯ ಮುಂದೆ, ದವಡೆಯ ಹತ್ತಿರ ಎರಡು ಫ್ಲ್ಯಾಶ್. ಎರಡು ವಾರ ನೋಡಿದೆ. ಕಪ್ಪಾಗಲಿಲ್ಲ. ಆಮೇಲೆ ಗೆಳತಿಯೊಬ್ಬಳು, ಅವಳೂ ಚರ್ಮದ ಡಾಕ್ಟರ್, ಹ್ಯಾಂಡ್‌ಪೀಸ್ ಹಿಡಿದಳು. 640 ನ್ಯಾನೋಮೀಟರಿನ ಫಿಲ್ಟರ್, 12 ಜೂಲ್. ಒಂದೇ ಏಟಿಗೆ ಕೊಡದೆ ಎರಡು ತುಂಡು ಮಾಡಿ, ನಡುವೆ ಚರ್ಮ ತಣಿಯಲು ಕೆಲವು ಮಿಲಿಸೆಕೆಂಡ್ ಬಿಡುವು. ಈ ಅಂಕಿ ನನ್ನ ಮಷಿನಿನದು. ಬೇರೆ ಮಷಿನಿಗೆ ಹೊಂದುವುದಿಲ್ಲ, ಹಾಗೇ ಎತ್ತಿಕೊಳ್ಳಬೇಡಿ. ಕಣ್ಣಿಗೆ ಕಪ್ಪು ಮುಚ್ಚಳ, ಕೆನ್ನೆಗೆ ದಪ್ಪಗೆ ತಣ್ಣನೆ ಜೆಲ್. ಪ್ರತಿ ಫ್ಲ್ಯಾಶಿಗೂ ಒಗ್ಗರಣೆ ಹಾಕುವಾಗ ಎಣ್ಣೆ ಸಿಡಿದಷ್ಟು ಚುರ್ ಅಂತು. ಹತ್ತು ನಿಮಿಷದ ಕೆಲಸ.

ಮಾರನೇ ದಿನ ಮೂರೂ ಕಲೆ ಇನ್ನಷ್ಟು ಕಪ್ಪಾದವು. ಇದು ಆಗಬೇಕಾದದ್ದೇ. ಗೊತ್ತಿದ್ದೂ ಕನ್ನಡಿ ನೋಡಿದಾಗ ಎದೆ ಧಸಕ್ಕೆಂದಿತು. ಹೇಳದೆ ಕಳಿಸಿದರೆ ಜನ ಎಷ್ಟು ಹೆದರಬಹುದು ಅಂತ ಅವತ್ತು ತಿಳಿಯಿತು. ಆರನೇ ದಿನ ಸಣ್ಣ ಸಣ್ಣ ಹಕ್ಕಳೆ ಚಹಾಪುಡಿಯಂತೆ ಉದುರಿದವು. ಕೆರೆಯಲು ಕೈ ತುಂಬಾ ಹೋಗುತ್ತದೆ, ಹೋಗಬಾರದು. ನಾಲ್ಕು ವಾರಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿದೆವು. ಎರಡು ಕಲೆ ಹೋದವು. ಮೂರನೆಯದು ಹುಡುಕಿದರೆ ಕಾಣುವಷ್ಟು ಉಳಿದಿದೆ. ಇನ್ನೊಂದು ಸಲ ಮಾಡೋಣ ಅಂತ ಗೆಳತಿ ಅಂದಳು. ನಾನೇ ಬೇಡ ಅಂದೆ.

ಇನ್ನೆರಡು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಕಡೆ ವಯಸ್ಸಾದ ಹೆಣ್ಣುಮಕ್ಕಳ ಹಣೆ, ಗಲ್ಲದ ಮೇಲೆ ಹಚ್ಚೆ ಇರುತ್ತದೆ. ಆ ಮಸಿಯೂ ಬೆಳಕನ್ನು ಹೀರುತ್ತದೆ, ಗುಳ್ಳೆ ಏಳುತ್ತದೆ. ಅದನ್ನೂ ದೊಡ್ಡ ಮಚ್ಚೆಗಳನ್ನೂ ಬಿಳಿ ಪಟ್ಟಿಯಿಂದ ಮುಚ್ಚಿ, ಅವುಗಳ ಹತ್ತಿರ ಬೆಳಕು ಕೊಡದೆ ಬಿಡುತ್ತೇನೆ. ಎರಡನೆಯದು ಗಂಡಸರಿಗೆ. ಇದೇ ಬೆಳಕನ್ನು ಕೂದಲು ತೆಗೆಯಲೂ ಬಳಸುತ್ತಾರೆ. ಗಡ್ಡದ ಜಾಗದಲ್ಲಿ ಕೊಟ್ಟರೆ ಗಡ್ಡ ಅಲ್ಲಲ್ಲಿ ಬೋಳಾಗಬಹುದು. ಡೆಲಿವರಿ ಕೆಲಸದ ಹುಡುಗರು ಕೆನ್ನೆಯ ಕಪ್ಪಿಗೆ ಬಂದಾಗ ಗಡ್ಡದ ಗೆರೆಯನ್ನು ಮೊದಲೇ ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತೇನೆ.

ಸನ್‌ಸ್ಕ್ರೀನ್ ಇಲ್ಲದೆ ಇದೆಲ್ಲ ನೀರಲ್ಲಿ ಹೋಮ. ತೋರುಬೆರಳು, ನಡುಬೆರಳು, ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖ ಕುತ್ತಿಗೆಗೆ ಬೇಕು. ಬಟಾಣಿ ಕಾಳಿನಷ್ಟು ಹಚ್ಚಿ "ಹಚ್ಚೀನ್ರಿ" ಅನ್ನುವವರೇ ಜಾಸ್ತಿ. ಹೊರಗೆ ಇರುವವರು ಎರಡು ಮೂರು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ನಮ್ಮ ಬಣ್ಣದ ಚರ್ಮವನ್ನು ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಮಾಡುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ದುಡ್ಡು ಜಾಸ್ತಿ ಅನ್ನುವವರಿಗೆ ದಪ್ಪ ಹತ್ತಿ ಬಟ್ಟೆ ಮುಖಕ್ಕೆ ಸುತ್ತಿಕೊಳ್ಳಲು ಹೇಳುತ್ತೇನೆ. ಹೊಲಕ್ಕೆ ಹೋಗುವವರಿಗೆ ಅದೇ ಹೆಚ್ಚು ನಡೆಯುತ್ತದೆ.

ಸ್ಕೂಟಿ ಈಗ ಮಗಳಿಗೆ ಕೊಟ್ಟಿದ್ದೇನೆ. ನಾನು ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಓಡಾಡುತ್ತೇನೆ. ಕಿಟಕಿ ಗಾಜು ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣಗಳನ್ನು ತಡೆದರೂ ಕಪ್ಪು ಮಾಡುವ ಯುವಿಎ ಕಿರಣಗಳನ್ನು ಸಾಕಷ್ಟು ಒಳಗೆ ಬಿಡುತ್ತದೆ. ಹೋಗುವಾಗಲೂ ಬರುವಾಗಲೂ ಬಲಗಡೆಯ ಸೀಟೇ ಹುಡುಕುತ್ತೇನೆ.